ಸಿಟ್ಟು ಯಾರದು, ಸುಸ್ತು ಯಾರದು?

1

ಅಮೆರಿಕದ ರಾಜಕಾರಣ ಕೆಟ್ಟುಹೋಯಿತು ಎಂಬ ಮಾತನ್ನು ಈಗ ಬೇರೆಯವರಿಗಿಂತ ಅಮೆರಿಕದವರೇ ಹೆಚ್ಚಾಗಿ ಆಡುತ್ತಿದ್ದಾರೆ. ಅಲ್ಲಿನ ಪ್ಯೂ ಸಂಶೋಧನಾ ಕೇಂದ್ರ 2023ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ರಾಜಕೀಯವನ್ನು ನೆನೆದರೆ ಯಾವಾಗಲೂ ಅಥವಾ ಮೇಲಿಂದ ಮೇಲೆ ಸುಸ್ತಾಗುತ್ತದೆ ಎಂದವರು ನೂರಕ್ಕೆ 65 ಜನ. ಸಿಟ್ಟು ಬರುತ್ತದೆ ಎಂದವರು 55 ಜನ. ಭರವಸೆ ಹುಟ್ಟುತ್ತದೆ ಎಂದವರು ಬರೀ 10 ಜನ. ಈ ಸುಸ್ತಿಗೆ ಕಾರಣಗಳಿಲ್ಲದೆ ಇಲ್ಲ. 2021ರ ಜನವರಿ 6ರಂದು, ಚುನಾವಣೆಯಲ್ಲಿ ಸೋತ ಅಧ್ಯಕ್ಷ ಟ್ರಂಪ್ ಕಡೆಯವರು ಸಂಸತ್ ಭವನದ ಕಿಟಕಿ ಬಾಗಿಲು ಒಡೆದು ಒಳಗೆ ನುಗ್ಗಿದರು. 2024ರ ಜುಲೈನಲ್ಲಿ ಪೆನ್ಸಿಲ್ವೇನಿಯಾದ ಸಭೆಯೊಂದರಲ್ಲಿ ಅದೇ ಟ್ರಂಪ್ ಮೇಲೆ ಗುಂಡು ಹಾರಿತು. 2025ರ ಜೂನ್‌ನಲ್ಲಿ ಮಿನ್ನೆಸೋಟಾದ ಡೆಮಾಕ್ರಟಿಕ್ ಶಾಸಕಿ ಮೆಲಿಸಾ ಹಾರ್ಟ್‌ಮನ್ ಅವರನ್ನೂ ಅವರ ಗಂಡನನ್ನೂ ಮನೆಯಲ್ಲೇ ಕೊಂದರು. ಸೆಪ್ಟೆಂಬರಿನಲ್ಲಿ ಬಲಪಂಥೀಯ ಭಾಷಣಕಾರ ಚಾರ್ಲಿ ಕರ್ಕ್ ಯೂಟಾದ ವಿಶ್ವವಿದ್ಯಾಲಯವೊಂದರಲ್ಲಿ ಮಾತಾಡುತ್ತಿದ್ದಾಗಲೇ ಗುಂಡಿಗೆ ಬಲಿಯಾದರು. ಇಂಥದನ್ನೆಲ್ಲ ನೋಡಿ 'ಸಾಕಪ್ಪಾ ಸಾಕು' ಅನ್ನುವ ಜನರನ್ನು ಗೇಲಿ ಮಾಡುವುದು ನನ್ನ ಉದ್ದೇಶವಲ್ಲ. ಯಾರು ಯಾರನ್ನು ಕೊಂದರೂ ಕೊಲೆ ಕೊಲೆಯೇ.

ಆದರೆ 'ಸಾಕು' ಎಂಬ ಮಾತಿನ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: 'ಮೊದಲು ಹೀಗಿರಲಿಲ್ಲ.' ಮೊದಲು ಎರಡೂ ಪಕ್ಷದವರು ಹಗಲು ಸದನದಲ್ಲಿ ವಾದ ಮಾಡಿ ಸಂಜೆ ಒಟ್ಟಿಗೆ ಕೂತು ಊಟ ಮಾಡುತ್ತಿದ್ದರಂತೆ. ಮಾತಿನಲ್ಲಿ ಒಂದು ಮರ್ಯಾದೆ ಇತ್ತಂತೆ. ಈ 'ಮೊದಲು' ಅನ್ನೋ ಪದ ಕೇಳಿದ ಕೂಡಲೇ ನನ್ನ ಕಿವಿ ನಿಮಿರುತ್ತದೆ. ಕೇರಿಯಿಂದ ಬಂದ ಯಾರ ಕಿವಿಯಾದರೂ ಹಾಗೇ. ಯಾಕಂದ್ರೆ ನಮ್ಮ ಹಳ್ಳಿಗಳಲ್ಲೂ ಈ ಮಾತಿದೆ. 'ಮೊದಲು ಊರಲ್ಲಿ ಎಲ್ಲಾರೂ ಅನ್ಯೋನ್ಯವಾಗಿದ್ರು ಕಣಪ್ಪ. ಈ ಸಂಘ ಗಿಂಘ ಬಂತು ನೋಡು, ಊರೇ ಕೆಟ್ಟೋಯ್ತು.' ಆ ಅನ್ಯೋನ್ಯ ಏನೆಂದು ಬಿಡಿಸಿ ನೋಡಿದರೆ, ಒಬ್ಬ ಮೇಲಿನಿಂದ ನೀರು ಹೊಯ್ಯುತ್ತಿದ್ದ, ಇನ್ನೊಬ್ಬ ಕೆಳಗೆ ಬೊಗಸೆಯೊಡ್ಡಿ ಕುಡಿಯುತ್ತಿದ್ದ. ಜಗಳ ಇರಲಿಲ್ಲ, ನಿಜ. ಜಗಳ ಆಡುವ ಹಕ್ಕು ಒಂದು ಕಡೆಯವರಿಗೆ ಇರಲಿಲ್ಲ ಎಂಬುದೂ ಅಷ್ಟೇ ನಿಜ.

ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಅಮೆರಿಕದ ರಾಜಕೀಯದ ಮಾತು ಯಾಕೆ ಎಂದು ಕೇಳಬಹುದು. ದಲಿತ ಬರಹಕ್ಕೂ ವಿಮರ್ಶೆಗೂ ಹಾಕುತ್ತ ಬಂದಿರುವ ಹಳೆಯ ಮುದ್ರೆ ಒಂದಿದೆ: ಇದು ನಕಾರಾತ್ಮಕ, ಇದರಲ್ಲಿ ಬರೀ ದ್ವೇಷ, ಬರೀ ದೂರು. 1973ರಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ಏನಾಯಿತೆಂದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಆ ಮಾತು ಸರಿಯೋ ತಪ್ಪೋ ಎಂದು ಚರ್ಚಿಸುವ ಬದಲು ಹಾಗೆ ಮಾತಾಡಲು ನೀನು ಯಾರು ಎಂದು ಕೇಳಿದರು. ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು. ಮಂತ್ರಿಯ ಪದವಿ ಹೋಯಿತು. ಇಂದಿಗೂ ಸಭೆಗಳಲ್ಲಿ ನಮ್ಮ ಹುಡುಗನೊಬ್ಬ ಎದ್ದು ನಿಂತು ಗಟ್ಟಿಯಾಗಿ ಮಾತಾಡಿದರೆ, ಹಿರಿಯರೊಬ್ಬರು ಬೆನ್ನು ತಟ್ಟಿ 'ವಿಷಯ ಚೆನ್ನಾಗಿದೆ, ಧಾಟಿ ಸ್ವಲ್ಪ ಬದಲಾಯಿಸ್ಕೋಪ್ಪ' ಅನ್ನುತ್ತಾರೆ. ಈ 'ಧಾಟಿ'ಗೆ ಒಂದು ಚರಿತ್ರೆ ಇದೆ. ಅಮೆರಿಕದಲ್ಲಿ ಅದು ಬಹಳ ಚೆನ್ನಾಗಿ ದಾಖಲಾಗಿದೆ.

ನನ್ನ ವಾದ ಇಷ್ಟೆ. ಅಮೆರಿಕದ ರಾಜಕೀಯದ ಹಗೆತನ ಎಂದು ಹೇಳುವಾಗ ಮೂರು ಬೇರೆ ಬೇರೆ ವಸ್ತುಗಳನ್ನು ಒಂದೇ ಚೀಲಕ್ಕೆ ತುಂಬುತ್ತಾರೆ. ನೊಂದವರ ಸಿಟ್ಟು ಒಂದು. ಉಳ್ಳವರ ಹಗೆ ಇನ್ನೊಂದು. ಮಾರಾಟಕ್ಕಿಟ್ಟ ಬೈಗುಳ ಮೂರನೆಯದು. ಚೀಲ ಬಿಚ್ಚಿ ಇವನ್ನು ಬೇರೆ ಮಾಡದಿದ್ದರೆ ಅಲ್ಲಿನ ಸುಸ್ತೂ ಅರ್ಥವಾಗುವುದಿಲ್ಲ, ಇಲ್ಲಿನ ಸಿಟ್ಟೂ ಅರ್ಥವಾಗುವುದಿಲ್ಲ.

2

ಮೊದಲಿಗೆ, ಆ 'ಮೊದಲು' ಹೇಗಿತ್ತೆಂದು ನೋಡೋಣ. ಗಣರಾಜ್ಯ ಹುಟ್ಟಿ ಹತ್ತು ವರ್ಷ ಆಗುವುದರೊಳಗೆ, 1798ರ ಜನವರಿಯಲ್ಲಿ, ವರ್ಮಾಂಟಿನ ಮ್ಯಾಥ್ಯೂ ಲಯನ್ ಎಂಬ ಸದಸ್ಯ ಕನೆಕ್ಟಿಕಟ್‌ನ ರೋಜರ್ ಗ್ರಿಸ್ವೊಲ್ಡ್ ಮುಖಕ್ಕೆ ಸದನದಲ್ಲೇ ಉಗಿದ. ಮುಂದಿನ ತಿಂಗಳು ಗ್ರಿಸ್ವೊಲ್ಡ್ ದೊಣ್ಣೆ ತಂದು ಹೊಡೆದ. ಲಯನ್ ಬೆಂಕಿಗೂಡಿನ ಇಕ್ಕಳ ಹಿಡಿದು ತಿರುಗಿ ಬಿದ್ದ. 1800ರ ಚುನಾವಣೆಯಲ್ಲಿ ಜಾನ್ ಆಡಮ್ಸ್, ಥಾಮಸ್ ಜೆಫರ್ಸನ್ ಕಡೆಯವರು ಒಬ್ಬರ ಮೇಲೊಬ್ಬರು ಎರಚಿಕೊಂಡ ಕೆಸರಿಗೆ ಲೆಕ್ಕವಿಲ್ಲ. ಆದ್ದರಿಂದ ಬೈಗುಳ ಹೊಸದಾಗಿ ಬಂದದ್ದು ಅನ್ನೋದು ಚರಿತ್ರೆ ಓದದವರ ಮಾತು.

ನನಗೆ ಮುಖ್ಯವಾಗಿ ಕಾಣುವುದು ಬೇರೆ. 1802ರಲ್ಲಿ ಜೇಮ್ಸ್ ಕ್ಯಾಲೆಂಡರ್ ಎಂಬ ಪತ್ರಕರ್ತ, ಮೊದಲು ಜೆಫರ್ಸನ್ ಪರ ಇದ್ದವನು, ತಿರುಗಿ ಬಿದ್ದು, ಅಧ್ಯಕ್ಷ ಜೆಫರ್ಸನ್ ತನ್ನ ಗುಲಾಮಳಾದ ಸ್ಯಾಲಿ ಹೆಮಿಂಗ್ಸ್‌ಳಿಂದ ಮಕ್ಕಳನ್ನು ಪಡೆದಿದ್ದಾನೆ ಎಂದು ಅಚ್ಚು ಹಾಕಿಸಿದ. ಎದುರು ಪಕ್ಷದ ಪತ್ರಿಕೆಗಳು ಪದ್ಯ ಕಟ್ಟಿ ನಕ್ಕವು. ಆ ಪದ್ಯಗಳ ಗುರಿ ಜೆಫರ್ಸನ್. ಎರಚಿದ ಕೆಸರು ಸ್ಯಾಲಿ. ಒಬ್ಬ ಹೆಣ್ಣುಮಗಳನ್ನು ಅವನು ಆಸ್ತಿಯಾಗಿ ಇಟ್ಟುಕೊಂಡಿದ್ದಾನೆ ಎಂಬುದು ಆ ಜಗಳದಲ್ಲಿ ಯಾರಿಗೂ ಅಪರಾಧವಾಗಿ ಕಾಣಲಿಲ್ಲ. ಅವಳು ಕಪ್ಪು ಎಂಬುದೇ ನಗೆಯ ವಸ್ತುವಾಯಿತು. ಅವಳನ್ನು ಯಾರೂ ಕೇಳಲಿಲ್ಲ. ಅವಳ ಮಗ ಮ್ಯಾಡಿಸನ್ ಹೆಮಿಂಗ್ಸ್ 1873ರಲ್ಲಿ ಒಹಾಯೊದ ಪತ್ರಿಕೆಯೊಂದರಲ್ಲಿ ತನ್ನ ತಂದೆ ಯಾರೆಂದು ಸ್ಪಷ್ಟವಾಗಿ ಹೇಳಿದ. ದೊಡ್ಡ ದೊಡ್ಡ ಇತಿಹಾಸಕಾರರು ನೂರು ವರ್ಷಕ್ಕೂ ಹೆಚ್ಚು ಕಾಲ ಆ ಮಾತನ್ನು ನಂಬಲಿಲ್ಲ. 1998ರಲ್ಲಿ ಡಿಎನ್‌ಎ ಪರೀಕ್ಷೆ ಬಂದಮೇಲೆ ಬಹುಪಾಲು ಜನ ಒಪ್ಪಿದರು. ಮಗನ ಬಾಯಿಮಾತು ಪುರಾವೆಯಾಗದೆ ರಕ್ತ ಪುರಾವೆಯಾಯಿತು. ನಮ್ಮ ಜನರ ಬಾಯಿಮಾತಿನ ಚರಿತ್ರೆಗಳಿಗೆ ವಿಶ್ವವಿದ್ಯಾಲಯಗಳು ಏನು ಬೆಲೆ ಕೊಡುತ್ತವೆಂದು ಬಲ್ಲ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಉಳ್ಳವರು ಉಳ್ಳವರನ್ನು ಬೈದುಕೊಂಡಾಗಲೂ ಬೈಗುಳದ ಪದವಾಗಿ ಬಳಕೆಯಾಗುವುದು ನಾವೇ. ಯಾರೋ ಯಾರನ್ನೋ ಬೈಯುವಾಗ ನಮ್ಮ ಜಾತಿಯ ಹೆಸರು ತರುತ್ತಾರಲ್ಲ, ಹಾಗೆ.

3

ಹತ್ತೊಂಬತ್ತನೆಯ ಶತಮಾನದಲ್ಲಿ ಗುಲಾಮಗಿರಿಯ ಪ್ರಶ್ನೆ ಸದನದೊಳಗೆ ಬರತೊಡಗಿತು. ಅದನ್ನು ತಂದವರು ಸಾಮಾನ್ಯ ಜನ, ಅವರಲ್ಲಿ ಬಹಳ ಮಂದಿ ಹೆಂಗಸರು. ಓಟಿನ ಹಕ್ಕಿಲ್ಲದ ಅವರು ಸಾವಿರಾರು ಸಹಿ ಹಾಕಿಸಿ ಮನವಿಗಳನ್ನು ಕಳಿಸಿದರು. 1836ರ ಮೇ ತಿಂಗಳಲ್ಲಿ ಪ್ರತಿನಿಧಿ ಸಭೆ ಒಂದು ನಿರ್ಣಯ ಮಾಡಿತು: ಗುಲಾಮಗಿರಿಗೆ ಸಂಬಂಧಿಸಿದ ಯಾವ ಮನವಿ ಬಂದರೂ ಓದದೆ, ಚರ್ಚಿಸದೆ ಪಕ್ಕಕ್ಕಿಡಬೇಕು. ಇದಕ್ಕೆ ಬಾಯಿಗೆ ಬಟ್ಟೆ ತುರುಕುವ ನಿಯಮ ಎಂದೇ ಹೆಸರು ಬಂತು. ಅದಕ್ಕೆ ಅವರು ಕೊಟ್ಟ ಕಾರಣವನ್ನು ನೋಡಿ: ಈ ವಿಷಯ ಎತ್ತಿದರೆ ಸದನದಲ್ಲಿ ಉದ್ರೇಕ ಹುಟ್ಟುತ್ತದೆ, ದೇಶದ ನೆಮ್ಮದಿ ಕೆಡುತ್ತದೆ. ಅಂದರೆ ಲಕ್ಷಾಂತರ ಜನರ ಬೆನ್ನ ಮೇಲೆ ಬೀಳುತ್ತಿದ್ದ ಚಾಟಿಯಿಂದ ನೆಮ್ಮದಿ ಕೆಡುತ್ತಿರಲಿಲ್ಲ, ಅದರ ಸುದ್ದಿ ಎತ್ತಿದರೆ ಕೆಡುತ್ತಿತ್ತು.

ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಎಂಬ ಮುದುಕ ಸದನದ ಸಾಮಾನ್ಯ ಸದಸ್ಯನಾಗಿ ಈ ನಿಯಮದ ವಿರುದ್ಧ ಎಂಟು ವರ್ಷ ಹಟ ಹಿಡಿದ. 1837ರಲ್ಲಿ ಒಂದು ದಿನ, 22 ಮಂದಿ ಗುಲಾಮರು ಸಹಿ ಮಾಡಿದ್ದೆನ್ನುವ ಮನವಿಯೊಂದು ತನ್ನ ಬಳಿ ಇದೆ, ಅದು ಈ ನಿಯಮಕ್ಕೆ ಒಳಪಡುತ್ತದೆಯೇ ಎಂದು ಸಭಾಧ್ಯಕ್ಷರನ್ನು ಕೇಳಿದ. ಸದನಕ್ಕೆ ಸದನವೇ ಕಿರುಚಾಡಿತು. ಮನವಿಯಲ್ಲಿ ಏನಿದೆ ಎಂಬುದು ಅವರಿಗೆ ಬೇಕಿರಲಿಲ್ಲ. ಗುಲಾಮರೂ ಅರ್ಜಿ ಬರೆಯುತ್ತಾರೆ ಎಂಬ ಯೋಚನೆಯೇ ಅವರಿಗೆ ಅವಮಾನವಾಗಿತ್ತು. ಗುಲಾಮರಿಗೆ ಮನವಿ ಸಲ್ಲಿಸುವ ಹಕ್ಕೇ ಇಲ್ಲವೆಂದು ಸದನ ನಿರ್ಣಯ ಬರೆದುಕೊಂಡಿತು. ಆ ನಿಯಮ ರದ್ದಾದದ್ದು 1844ರ ಡಿಸೆಂಬರಿನಲ್ಲಿ.

ಆಮೇಲೆ 1856. ಮ್ಯಾಸಚೂಸೆಟ್ಸ್‌ನ ಸೆನೆಟರ್ ಚಾರ್ಲ್ಸ್ ಸಮ್ನರ್ ಕಾನ್ಸಾಸ್‌ಗೆ ಗುಲಾಮಗಿರಿಯನ್ನು ತುರುಕುವ ಯತ್ನದ ವಿರುದ್ಧ ಎರಡು ದಿನ ಮಾತಾಡಿದ. ಭಾಷೆ ಖಾರವಾಗಿತ್ತು, ದಕ್ಷಿಣ ಕರೊಲಿನಾದ ಸೆನೆಟರ್ ಬಟ್ಲರ್‌ನನ್ನು ಹೆಸರಿಡಿದು ಹಂಗಿಸಿದ. ಮೇ 22ರಂದು ಬಟ್ಲರ್‌ನ ಬಂಧು, ಪ್ರತಿನಿಧಿ ಸಭೆಯ ಪ್ರೆಸ್ಟನ್ ಬ್ರೂಕ್ಸ್, ಸೆನೆಟಿಗೆ ನಡೆದು ಬಂದು, ಕೂತು ಬರೆಯುತ್ತಿದ್ದ ಸಮ್ನರ್ ತಲೆಗೆ ಊರುಗೋಲಿನಿಂದ ಕೋಲು ಮುರಿಯುವ ತನಕ ಹೊಡೆದ. ಸಮ್ನರ್ ಸದನಕ್ಕೆ ಸರಿಯಾಗಿ ಮರಳಲು ಮೂರು ವರ್ಷಕ್ಕೂ ಮೇಲೆ ಬೇಕಾಯಿತು. ಬ್ರೂಕ್ಸ್‌ಗೆ 300 ಡಾಲರ್ ದಂಡ. ರಾಜೀನಾಮೆ ಕೊಟ್ಟ, ಅವನ ಜನ ಅವನನ್ನೇ ಮತ್ತೆ ಆರಿಸಿ ಕಳಿಸಿದರು, ಮುರಿದ ಕೋಲಿನ ಬದಲು ಹೊಸ ಕೋಲುಗಳನ್ನು ಕಾಣಿಕೆ ಕೊಟ್ಟರು. ಇತಿಹಾಸಕಾರ್ತಿ ಜೋನ್ ಫ್ರೀಮನ್ 2018ರ ತಮ್ಮ ಪುಸ್ತಕದಲ್ಲಿ, 1830ರಿಂದ 1860ರವರೆಗೆ ಸಂಸತ್ ಸದಸ್ಯರ ನಡುವೆ ಇಂಥ 70ಕ್ಕೂ ಹೆಚ್ಚು ಹೊಡೆದಾಟಗಳನ್ನು ಲೆಕ್ಕ ಹಾಕಿದ್ದಾರೆ.

ಈಗ ಇದನ್ನು 'ಎರಡೂ ಕಡೆಯವರೂ ಅತಿಗೆ ಹೋದರು' ಎಂದು ಬರೆಯುವ ರೂಢಿ ಇದೆ. ಒಬ್ಬನದು ನಾಲಿಗೆ, ಇನ್ನೊಬ್ಬನದು ಕೋಲು. ತಕ್ಕಡಿಯಲ್ಲಿ ಎರಡೂ ಸಮ ಎಂದು ತೂಗುತ್ತಾರೆ. ಹೀಗೆ ತೂಗುವ ಇತಿಹಾಸ ಬರಹವನ್ನು ನಾನು ಒಪ್ಪುವುದಿಲ್ಲ. ಸಮ್ನರ್ ಮಾತು ಕಡಿಮೆ ಖಾರವಾಗಿದ್ದರೆ ಗುಲಾಮಗಿರಿ ಒಂದು ದಿನ ಮೊದಲು ಹೋಗುತ್ತಿತ್ತೇ?

4

ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋಯಿತು. 1873ರಲ್ಲಿ ಜ್ಯೋತಿಬಾ ಫುಲೆ ತಮ್ಮ 'ಗುಲಾಮಗಿರಿ' ಪುಸ್ತಕವನ್ನು ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ನೀಗ್ರೋ ಗುಲಾಮರ ಬಿಡುಗಡೆಗೆ ಅವರು ಮಾಡಿದ ತ್ಯಾಗಕ್ಕೆ ಅದು ಗೌರವ. ಅದೇ 1873ರ ಏಪ್ರಿಲ್‌ನಲ್ಲಿ ಲೂಸಿಯಾನಾದ ಕೋಲ್ಫಾಕ್ಸ್ ಎಂಬಲ್ಲಿ, ಚುನಾವಣೆಯ ಜಗಳದಲ್ಲಿ, ಬಿಳಿಯರ ಗುಂಪು ಹತ್ತಾರು ಕರಿಯರನ್ನು ಕೊಂದುಹಾಕಿತು. ಶರಣಾದವರನ್ನೂ ಬಿಡಲಿಲ್ಲ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ, 1877ರಲ್ಲಿ, ಆ ಸಜ್ಜನರಿಗೆ ಸುಸ್ತಾಯಿತು. ಉತ್ತರದ ಬಿಳಿಯರೂ ದಕ್ಷಿಣದ ಬಿಳಿಯರೂ ರಾಜಿಯಾದರು. ದಕ್ಷಿಣದಲ್ಲಿ ಕರಿಯರ ಹಕ್ಕು ಕಾಯುತ್ತಿದ್ದ ಸೈನ್ಯ ಬ್ಯಾರಕ್ಕಿಗೆ ಮರಳಿತು. 'ಜಗಳ ಸಾಕು' ಎಂಬ ಆ ರಾಜಿಯ ಬೆಲೆಯನ್ನು ಕಟ್ಟಿದವರು ರಾಜಿಯ ಮೇಜಿನಲ್ಲಿ ಇರಲಿಲ್ಲ. 1890ರಿಂದ ಒಂದೊಂದೇ ರಾಜ್ಯ ಅಕ್ಷರ ಪರೀಕ್ಷೆ, ಮತದಾನ ತೆರಿಗೆಗಳನ್ನು ತಂದು ಅವರ ಓಟು ಕಿತ್ತುಕೊಂಡಿತು. 1901ರಿಂದ 1929ರವರೆಗೆ ಸಂಸತ್ತಿನಲ್ಲಿ ಒಬ್ಬ ಕರಿಯ ಸದಸ್ಯನೂ ಇರಲಿಲ್ಲ.

ಆ ರಾಜಿಯ ದೊಡ್ಡ ಜಾತ್ರೆ ನಡೆದದ್ದು 1913ರ ಜೂನ್ ಕೊನೆ, ಜುಲೈ ಮೊದಲಲ್ಲಿ. ಗೆಟಿಸ್‌ಬರ್ಗ್ ಕದನಕ್ಕೆ 50 ವರ್ಷವಾಯಿತೆಂದು ಎರಡೂ ಕಡೆಯ 50 ಸಾವಿರಕ್ಕೂ ಹೆಚ್ಚು ಮುದಿ ಸೈನಿಕರು ಸೇರಿ, ಹಿಂದೆ ಗುಂಡು ಹಾರಿಸಿದ್ದ ಗೋಡೆಯ ಮೇಲಿಂದ ಕೈ ಕುಲುಕಿದರು. ಅಧ್ಯಕ್ಷ ವುಡ್ರೋ ವಿಲ್ಸನ್ ಬಂದು ಜಗಳ ಮರೆತದ್ದನ್ನು ಹೊಗಳಿದ. ಆ ಜಗಳ ಯಾರ ಬಿಡುಗಡೆಗಾಗಿ ನಡೆದಿತ್ತೋ ಅವರ ಸುದ್ದಿ ಎತ್ತಲಿಲ್ಲ. ಅದೇ ವರ್ಷ ವಿಲ್ಸನ್ ಸರ್ಕಾರ ಕೇಂದ್ರ ಇಲಾಖೆಗಳಲ್ಲಿ ಕರಿಯ ನೌಕರರನ್ನು ಬೇರೆ ಕೂರಿಸತೊಡಗಿತು. ಆ ಜಾತ್ರೆ ಮುಗಿದು ಎರಡು ಮೂರು ವಾರಕ್ಕೆ, ಅದೇ ಜುಲೈನಲ್ಲಿ, ಭೀಮರಾವ್ ಅಂಬೇಡ್ಕರ್ ಎಂಬ ಇಪ್ಪತ್ತೆರಡು ವರ್ಷದ ಹುಡುಗ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಲು ನ್ಯೂಯಾರ್ಕಿಗೆ ಬಂದಿಳಿದರು.

ಅವರು ಅಲ್ಲಿ ಓದುತ್ತಿದ್ದಾಗಲೇ, 1914ರ ನವೆಂಬರ್ 12ರಂದು, ಬಾಸ್ಟನ್‌ನ ಕರಿಯ ಪತ್ರಿಕೆ 'ಗಾರ್ಡಿಯನ್'ನ ಸಂಪಾದಕ ವಿಲಿಯಂ ಮನ್ರೋ ಟ್ರಾಟರ್ ಒಂದು ನಿಯೋಗ ಕಟ್ಟಿಕೊಂಡು ವಿಲ್ಸನ್‌ರನ್ನು ಕಾಣಲು ಹೋದ. ಕಚೇರಿಗಳಲ್ಲಿ ನಮ್ಮವರನ್ನು ಬೇರೆ ಕೂರಿಸುತ್ತಿದ್ದೀರಿ, ಊಟಕ್ಕೆ ಬೇರೆ ಜಾಗ, ಶೌಚಕ್ಕೆ ಬೇರೆ ಜಾಗ, ಯಾಕೆ? ವಿಲ್ಸನ್ ಹೇಳಿದ್ದರ ಸಾರಾಂಶ: ಇದು ಅವಮಾನವಲ್ಲ, ಘರ್ಷಣೆ ತಪ್ಪಿಸಲು ಮಾಡಿದ ಉಪಕಾರ. ಟ್ರಾಟರ್ ಒಪ್ಪಲಿಲ್ಲ, ಎದುರು ನಿಂತು ವಾದಿಸಿದ. ಆಗ ಅಧ್ಯಕ್ಷರಿಗೆ ಕೋಪ ಬಂತು. ನಿನ್ನ ಧಾಟಿ ನನಗೆ ನೋವು ತಂದಿದೆ, ನಿಮ್ಮ ಸಂಘದವರು ಇನ್ನೊಮ್ಮೆ ಬರುವುದಾದರೆ ಬೇರೆ ಯಾರನ್ನಾದರೂ ಮಾತಾಡಲು ಕರೆದುಕೊಂಡು ಬನ್ನಿ ಎಂಬರ್ಥದ ಮಾತು ಹೇಳಿ ಕಳಿಸಿದರು. ಮರುದಿನದ ಪತ್ರಿಕೆಗಳಲ್ಲಿ ಟ್ರಾಟರ್‌ನ ಒರಟುತನವೇ ದೊಡ್ಡ ಸುದ್ದಿ. ಕಚೇರಿಯ ಪ್ರತ್ಯೇಕತೆ ಸುದ್ದಿಯ ಬಾಲದಲ್ಲಿ.

ದೇಶದ ನೌಕರರನ್ನು ಬಣ್ಣ ನೋಡಿ ಬೇರ್ಪಡಿಸಿದವನು ಸಭ್ಯ. ಯಾಕೆಂದು ಕೇಳಿದವನು ಹಗೆತನದವನು. ಧಾಟಿಯ ಚರಿತ್ರೆ ಎಂದು ನಾನು ಹೇಳಿದ್ದು ಇದನ್ನೇ.

5

ಸೆನೆಟ್ ಎನ್ನುವುದು ಅಮೆರಿಕದಲ್ಲಿ ಮಹಾ ಸಭ್ಯರ ಮನೆ. ಅಲ್ಲಿ ಒಬ್ಬರನ್ನೊಬ್ಬರು ಗೌರವಾನ್ವಿತರೆಂದೇ ಕರೆಯಬೇಕು. ಅಲ್ಲಿನ ಇನ್ನೊಂದು ಪದ್ಧತಿ ಎಂದರೆ, ಬೇಡದ ಮಸೂದೆ ಬಂದರೆ ಮಾತಾಡುತ್ತಲೇ ಇದ್ದು ಕಾಲ ಕಳೆದು ಅದನ್ನು ಸಾಯಿಸುವುದು. ಫಿಲಿಬಸ್ಟರ್ ಎಂದು ಅದರ ಹೆಸರು. ಗುಂಪು ಕಟ್ಟಿ ಕರಿಯರನ್ನು ನೇಣಿಗೆ ಹಾಕುವುದರ ವಿರುದ್ಧ ಮೊದಲ ಮಸೂದೆ ತಂದವನು ಉತ್ತರ ಕರೊಲಿನಾದ ಜಾರ್ಜ್ ಹೆನ್ರಿ ವೈಟ್, 1900ರಲ್ಲಿ. ಆಗ ಸಂಸತ್ತಿನಲ್ಲಿ ಉಳಿದಿದ್ದ ಒಬ್ಬನೇ ಕರಿಯ ಸದಸ್ಯ. ಅದು ಬಿದ್ದುಹೋಯಿತು. 1922ರಲ್ಲಿ ಡೈಯರ್ ಮಸೂದೆ ಪ್ರತಿನಿಧಿ ಸಭೆಯಲ್ಲಿ ಗೆದ್ದಿತು; ಸೆನೆಟಿನಲ್ಲಿ ದಕ್ಷಿಣದವರು ಮಾತಾಡಿ ಮಾತಾಡಿ ಕೊಂದರು. 1938ರಲ್ಲಿ ಮತ್ತೆ ಹಾಗೇ. 1877ರಿಂದ 1950ರವರೆಗೆ ಹೀಗೆ ಕೊಲೆಯಾದ ಕರಿಯರ ಸಂಖ್ಯೆ, ಈಕ್ವಲ್ ಜಸ್ಟಿಸ್ ಇನಿಶಿಯೇಟಿವ್ ಸಂಸ್ಥೆ ಹುಡುಕಿ ದಾಖಲಿಸಿರುವಷ್ಟೇ, 4,400ಕ್ಕೂ ಹೆಚ್ಚು. ಕೊನೆಗೆ ಎಮೆಟ್ ಟಿಲ್ ಹೆಸರಿನಲ್ಲಿ ಕಾನೂನು ಬಂದದ್ದು 2022ರ ಮಾರ್ಚಿನಲ್ಲಿ. 122 ವರ್ಷ ಬೇಕಾಯಿತು. ಅಷ್ಟು ವರ್ಷವೂ ಸೆನೆಟಿನ ಭಾಷೆ ಮಾತ್ರ ಮೃದುವಾಗಿತ್ತು.

ಈ ಹತ್ಯೆಗಳನ್ನು ಊರೂರು ತಿರುಗಿ ಲೆಕ್ಕ ಮಾಡಿ ಬರೆದವಳು ಐಡಾ ಬಿ. ವೆಲ್ಸ್, ಗುಲಾಮಳಾಗಿ ಹುಟ್ಟಿದ ಹೆಣ್ಣುಮಗಳು. 1892ರಲ್ಲಿ ಮೆಂಫಿಸ್‌ನಲ್ಲಿ ಅವಳ ಪತ್ರಿಕೆಯ ಕಚೇರಿಯನ್ನು ಗುಂಪೊಂದು ಧ್ವಂಸ ಮಾಡಿತು. ದೇಶದ ಮಾನ ಹರಾಜು ಹಾಕುತ್ತಾಳೆ ಎಂದು 1894ರಲ್ಲಿ 'ನ್ಯೂಯಾರ್ಕ್ ಟೈಮ್ಸ್' ಅವಳನ್ನು ಕೊಳಕು ಮನಸ್ಸಿನವಳೆಂದು ಜರೆಯಿತು. ಅದೇ ಪತ್ರಿಕೆ 2018ರಲ್ಲಿ, ಅವಳು ಸತ್ತು 87 ವರ್ಷದ ಮೇಲೆ, ಬಿಟ್ಟುಹೋಗಿದ್ದ ಶ್ರದ್ಧಾಂಜಲಿ ಬರೆಯಿತು. 2020ರಲ್ಲಿ ಪುಲಿಟ್ಜರ್ ಗೌರವ ಬಂತು. ಬದುಕಿದ್ದಾಗ ನಕಾರಾತ್ಮಕ, ಸತ್ತಮೇಲೆ ಸಾಕ್ಷಿಪ್ರಜ್ಞೆ. ಮಾರ್ಟಿನ್ ಲೂಥರ್ ಕಿಂಗ್‌ಗೂ ಇದೇ ಆಯಿತು. 1966ರ ಗ್ಯಾಲಪ್ ಸಮೀಕ್ಷೆಯಲ್ಲಿ ನೂರಕ್ಕೆ 63 ಅಮೆರಿಕನ್ನರಿಗೆ ಕಿಂಗ್ ಬಗ್ಗೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ. ಇಂದು ಸಭ್ಯತೆಯ ಪಾಠ ಹೇಳುವವರೆಲ್ಲ ಅದೇ ಕಿಂಗ್ ಫೋಟೋ ತೋರಿಸುತ್ತಾರೆ.

6

ಸುಸ್ತಿನ ಮಾತಿಗೆ ಬರುತ್ತೇನೆ. ಮಿಸಿಸಿಪ್ಪಿಯ ಫ್ಯಾನಿ ಲೂ ಹೇಮರ್ ಹತ್ತಿ ಬಿಡಿಸುವ ಕುಟುಂಬದಲ್ಲಿ ಇಪ್ಪತ್ತನೆಯ ಮಗುವಾಗಿ ಹುಟ್ಟಿದವಳು. 1962ರ ಆಗಸ್ಟಿನಲ್ಲಿ, ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಓಟಿನ ಪಟ್ಟಿಗೆ ಹೆಸರು ಸೇರಿಸಲು ಹೋದಳು. ಅಂದೇ ರಾತ್ರಿ ಹದಿನೆಂಟು ವರ್ಷ ದುಡಿದ ತೋಟದಿಂದ ಧಣಿ ಹೊರಗೆ ಹಾಕಿದ. 1963ರ ಜೂನ್‌ನಲ್ಲಿ ವಿನೋನಾ ಎಂಬ ಊರಿನ ಜೈಲಿನಲ್ಲಿ ಪೊಲೀಸರು ಕರಿಯ ಕೈದಿಗಳ ಕೈಯಲ್ಲೇ ಅವಳನ್ನು ಹೊಡೆಸಿದರು. ಆ ಏಟು ಸಾಯುವ ತನಕ ಮೈಯಲ್ಲಿ ಉಳಿಯಿತು. ಒಬ್ಬ ನೊಂದವನ ಕೈಗೆ ಬೆತ್ತ ಕೊಟ್ಟು ಇನ್ನೊಬ್ಬ ನೊಂದವಳನ್ನು ಹೊಡೆಸುವುದು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1964ರ ಆಗಸ್ಟ್ 22ರಂದು ಡೆಮಾಕ್ರಟಿಕ್ ಪಕ್ಷದ ಸಮ್ಮೇಳನದ ಸಮಿತಿಯೆದುರು ಅವಳು ಇದನ್ನೆಲ್ಲ ಹೇಳತೊಡಗಿದಳು. ಬಿಳಿಯರೇ ತುಂಬಿದ ಮಿಸಿಸಿಪ್ಪಿ ನಿಯೋಗದ ಬದಲು ನಮ್ಮನ್ನು ಕೂರಿಸಿ ಎಂಬುದು ಬೇಡಿಕೆ. ಟಿವಿಯಲ್ಲಿ ನೇರವಾಗಿ ಬರುತ್ತಿತ್ತು. ಅಧ್ಯಕ್ಷ ಜಾನ್ಸನ್ ಅವಳ ಮುಖ ತೆರೆಯಿಂದ ಮರೆಯಾಗಲೆಂದು ತಕ್ಷಣ ಒಂದು ಪತ್ರಿಕಾಗೋಷ್ಠಿ ಕರೆದ. ಆತ ಕೆಟ್ಟವನೇ ಎಂದರೆ, ಅಲ್ಲ. ಅದೇ ಜುಲೈನಲ್ಲಿ ನಾಗರಿಕ ಹಕ್ಕುಗಳ ಕಾನೂನಿಗೆ ಸಹಿ ಹಾಕಿದವನು. ಆದರೆ ಅವನಿಗೆ ಸಮ್ಮೇಳನ ನೆಮ್ಮದಿಯಿಂದ ಮುಗಿಯಬೇಕಿತ್ತು. ಆ ರಾತ್ರಿ ಟಿವಿಗಳು ಅವಳ ಮಾತನ್ನು ಮತ್ತೆ ತೋರಿಸಿ ಇಡೀ ದೇಶ ಕೇಳಿತು, ಅದು ಬೇರೆ ಮಾತು. ಎರಡು ಕುರ್ಚಿ ಕೊಡುತ್ತೇವೆ, ರಾಜಿಯಾಗಿ ಎಂದರು. ಎರಡು ಕುರ್ಚಿಗಾಗಿ ಇಷ್ಟು ದೂರ ಬಂದಿಲ್ಲ ಎಂದು ಅವಳೂ ಅವಳ ಸಂಗಾತಿಗಳೂ ಎದ್ದುಬಂದರು. ಅದೇ ವರ್ಷ ಹಾರ್ಲೆಮ್‌ನ ಸಭೆಯೊಂದರಲ್ಲಿ ಅವಳು ಆಡಿದ ಮಾತಿನ ಅರ್ಥ, ದಣಿದು ದಣಿದು ಈಗ ದಣಿವಿನಿಂದಲೇ ದಣಿದಿದ್ದೇನೆ ಎಂಬಂಥದ್ದು.

ಸಮೀಕ್ಷೆಯ 65 ಜನರ ಸುಸ್ತಿನ ಪಕ್ಕ ಈ ಸುಸ್ತನ್ನು ಇಟ್ಟು ನೋಡಿ. ಅವರಲ್ಲೂ ನೊಂದವರಿದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಜಗಳ ನೋಡಿ ಸುಸ್ತಾದವನಿಗೆ ಟಿವಿ ಆರಿಸಿ ಮಲಗುವ ದಾರಿ ಇದೆ. ಹೇಮರ್‌ಗೆ ಮಲಗಲು ಮನೆಯೇ ಇರಲಿಲ್ಲ. ಅವನ ಸುಸ್ತು ರಾಜಕೀಯದಿಂದ ದೂರ ಹೋಗು ಎನ್ನುತ್ತದೆ. ಅವಳ ಸುಸ್ತು ಅವಳನ್ನು ರಾಜಕೀಯದ ಒಳಗೆ ನೂಕಿತು. 1965ರ ಮತದಾನ ಹಕ್ಕು ಕಾನೂನಿನ ಹಿಂದೆ ಇರುವುದು ಆ ಸುಸ್ತು.

7

ಇನ್ನು ಮೂರನೆಯದು, ಮಾರಾಟದ ಬೈಗುಳ. ಇದು ನಿಜಕ್ಕೂ ಬೆಳೆದಿದೆ, ಇದರ ಬಗ್ಗೆ ಬೇಸರ ಪಡುವವರು ಸರಿಯಾಗಿಯೇ ಬೇಸರ ಪಡುತ್ತಿದ್ದಾರೆ. ರೇಡಿಯೋ ಟಿವಿಗಳು ವಿವಾದದ ಎರಡೂ ಬದಿಗೆ ಅವಕಾಶ ಕೊಡಬೇಕೆಂಬ ನಿಯಮವನ್ನು 1987ರಲ್ಲಿ ತೆಗೆದುಹಾಕಿದರು. ಮುಂದಿನ ವರ್ಷವೇ ರಶ್ ಲಿಂಬಾ ದೇಶದುದ್ದಕ್ಕೂ ರೇಡಿಯೋದಲ್ಲಿ ದಿನಾ ಬೈಯಲು ಕೂತ. ಅದೇ 1988ರ ಅಧ್ಯಕ್ಷ ಚುನಾವಣೆಯಲ್ಲಿ ಬುಷ್ ಪರ ಗುಂಪೊಂದು, ಪೆರೋಲ್ ಮಾದರಿಯ ರಜೆಯಲ್ಲಿ ಹೊರಬಂದು ಘೋರ ಅಪರಾಧ ಮಾಡಿದ ಕರಿಯ ಕೈದಿಯೊಬ್ಬನ ಮುಖವನ್ನು ಜಾಹೀರಾತು ಮಾಡಿತು. ಎದುರಾಳಿ ಡುಕಾಕಿಸ್ ಗೆದ್ದರೆ ಇವನೇ ನಿಮ್ಮ ಮನೆಗೆ ಬರುತ್ತಾನೆ ಎಂಬ ಹೆದರಿಕೆ. ಬುಷ್ ಪ್ರಚಾರದ ಮುಖ್ಯಸ್ಥ ಲೀ ಆಟ್‌ವಾಟರ್ 1991ರಲ್ಲಿ ಸಾಯುವ ಮುಂಚೆ ಡುಕಾಕಿಸ್‌ಗೆ ಮಾಡಿದ ಕ್ರೌರ್ಯಕ್ಕೆ ಕ್ಷಮೆ ಕೇಳಿದ. ಆ ಮುಖ ನೋಡಿ ನೋಡಿ ತಮ್ಮನ್ನೆಲ್ಲ ಕಳ್ಳರಂತೆ ಕಾಣುವ ಕಣ್ಣುಗಳನ್ನು ಎದುರಿಸಬೇಕಾದ ಲಕ್ಷಾಂತರ ಕರಿಯ ಗಂಡಸರ ಕ್ಷಮೆ ಕೇಳಬೇಕಾದವರು ಯಾರು? 1990ರಲ್ಲಿ ನ್ಯೂಟ್ ಗಿಂಗ್ರಿಚ್ ಗುಂಪು ತನ್ನ ಅಭ್ಯರ್ಥಿಗಳಿಗೆ ಒಂದು ಪದಪಟ್ಟಿ ಹಂಚಿತು: ನಮ್ಮನ್ನು ಕುರಿತು ಈ ಪದ ಬಳಸಿ, ಎದುರಾಳಿಯನ್ನು ದ್ರೋಹಿ, ಭ್ರಷ್ಟ, ರೋಗಿಷ್ಠ ಎಂಬಂಥ ಪದಗಳಿಂದ ಕರೆಯಿರಿ. 2020ರ ಚುನಾವಣೆಗೆ ಅಲ್ಲಿ ಖರ್ಚಾದದ್ದು 1,400 ಕೋಟಿ ಡಾಲರಿಗೂ ಹೆಚ್ಚು. ಇಷ್ಟು ದುಡ್ಡು ಸುರಿದು ಬಿತ್ತಿದ ಬೆಳೆ ಇದು. ಜನರ ಬಾಯಿ ಹೊಲಸಾದದ್ದರಿಂದ ತಾನಾಗಿ ಬೆಳೆದ ಕಳೆಯೇನಲ್ಲ.

ಇದರ ಹಿಂದೆ ಇನ್ನೂ ಒಂದು ಕಾರಣ ಇದೆ. ಒಂದು ಸಂಶೋಧನೆ ಹೀಗೆ ಹೇಳುತ್ತದೆ: ನಿಮ್ಮ ಮಗನೋ ಮಗಳೋ ಎದುರು ಪಕ್ಷದವರನ್ನು ಮದುವೆಯಾದರೆ ಬೇಸರವೇ ಎಂದು 1960ರಲ್ಲಿ ಕೇಳಿದಾಗ ಹೌದೆಂದವರು ನೂರಕ್ಕೆ ಐದು ಜನರಷ್ಟು. 2010ರಲ್ಲಿ ರಿಪಬ್ಲಿಕನ್ನರಲ್ಲಿ ಹತ್ತಿರಹತ್ತಿರ ಅರ್ಧ, ಡೆಮಾಕ್ರಟರಲ್ಲಿ ಮೂರನೇ ಒಂದು ಭಾಗ. ಇದನ್ನು ಓದಿ ಅಲ್ಲಿನ ಪಂಡಿತರು ಗಾಬರಿಯಾದರು. 1916ರ ಮೇ 9ರಂದು ಕೊಲಂಬಿಯಾದ ವಿಚಾರಗೋಷ್ಠಿಯಲ್ಲಿ ಅಂಬೇಡ್ಕರ್ ಮಂಡಿಸಿದ ಪ್ರಬಂಧದ ತಿರುಳೇ ಇದು: ಹೆಣ್ಣು ಗಂಡು ಕೊಟ್ಟು ತರುವುದನ್ನು ಒಳಗೊಳಗೇ ಮುಚ್ಚಿಕೊಂಡಾಗ ಗುಂಪು ಜಾತಿಯಾಗುತ್ತದೆ. ಪಕ್ಷಗಳು ಜಾತಿಗಳಾಗುತ್ತಿವೆ ಎಂದು ಗಾಬರಿಯಾಗುವುದು ಸರಿಯೇ. ಆದರೆ ಎದುರು ಪಕ್ಷದ ಅಳಿಯನನ್ನು ನಗುತ್ತ ಒಪ್ಪಿದ ಆ ಕಾಲದಲ್ಲಿ, 1958ರ ಗ್ಯಾಲಪ್ ಸಮೀಕ್ಷೆಯಲ್ಲಿ, ಕರಿಯರು ಬಿಳಿಯರ ನಡುವಿನ ಮದುವೆಯನ್ನು ಒಪ್ಪಿದವರು ನೂರಕ್ಕೆ ನಾಲ್ಕು ಜನ. 1967ರವರೆಗೂ 16 ರಾಜ್ಯಗಳಲ್ಲಿ ಅಂಥ ಮದುವೆ ಅಪರಾಧವಾಗಿತ್ತು. ಎರಡೂ ಪಕ್ಷಗಳಲ್ಲಿ ಇದ್ದವರು ಒಂದೇ ಜಾತಿಯ ಜನ. ಅದಕ್ಕೇ ಅವರ ನಡುವೆ ಅಷ್ಟು ಅನ್ಯೋನ್ಯ. 1964, 65ರ ಕಾನೂನುಗಳು ಬಂದು ಕರಿಯರು ಓಟು ಹಿಡಿದು ಒಂದು ಪಕ್ಷದ ಒಳಗೆ ಬಂದಮೇಲೆ ದಕ್ಷಿಣದ ಬಿಳಿಯರು ಮೆಲ್ಲನೆ ಇನ್ನೊಂದಕ್ಕೆ ಹೋದರು. ಹಾಗಾಗಿ ಇಂದಿನ ಪಕ್ಷಗಳ ಹಗೆಯ ಒಳಗೆ ಆ ಹಳೆಯ ಬಣ್ಣದ ಗೆರೆಯೇ ಓಡುತ್ತಿದೆ. 2011ರಲ್ಲಿ ಟ್ರಂಪ್ ಒಬಾಮಾರನ್ನು ಜನ್ಮಪತ್ರ ತೋರಿಸು ಎಂದು ಕಾಡಿದ್ದು ಇದಕ್ಕೇ. ಯಾವ ಊರು, ಯಾರ ಮಗ ಎಂದು ವಿಚಾರಿಸುವ ಪ್ರಶ್ನೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

8

ಹಾಗಾದರೆ ನೊಂದವರ ಸಿಟ್ಟೆಲ್ಲ ಪವಿತ್ರವೇ? ಇಲ್ಲಿ ನಮ್ಮ ಕಾರ್ಯಕರ್ತರಿಗೆ ಒಂದು ಕಹಿ ಮಾತು ಹೇಳಬೇಕು. 1966ರಲ್ಲಿ ಓಕ್‌ಲ್ಯಾಂಡಿನಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹೆಸರನ್ನೇ 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್ ಇಟ್ಟುಕೊಂಡರು. ಆ ಪ್ಯಾಂಥರರನ್ನು ಮುರಿಯಲು ಎಫ್‌ಬಿಐ ಬಂದೂಕು ಮಾತ್ರ ಬಳಸಲಿಲ್ಲ. ಸುಳ್ಳು ಸಹಿಯ ಕಾಗದಗಳನ್ನು ಬಳಸಿತು. ಒಬ್ಬ ನಾಯಕನಿಗೆ ಇನ್ನೊಬ್ಬ ನಿನ್ನನ್ನು ಕೊಲ್ಲಿಸುತ್ತಾನೆ ಎಂದು ಅನಾಮಧೇಯ ಪತ್ರ. ಒಂದು ಕರಿಯ ಸಂಘಟನೆಯನ್ನು ಇನ್ನೊಂದು ಹಂಗಿಸುವಂತೆ ವ್ಯಂಗ್ಯಚಿತ್ರ. 1971ರಲ್ಲಿ ಹ್ಯೂಯಿ ನ್ಯೂಟನ್, ಎಲ್ಡ್ರಿಜ್ ಕ್ಲೀವರ್ ಬೇರೆಯಾದಾಗ ಆ ಬಿರುಕಿಗೂ ಇಂಥ ಕಾಗದಗಳು ನೀರೆರೆದಿದ್ದವು. 1975-76ರಲ್ಲಿ ಸೆನೆಟಿನ ಚರ್ಚ್ ಸಮಿತಿಯೇ ಇದನ್ನೆಲ್ಲ ಬಯಲಿಗೆ ಇಟ್ಟಿತು. ಆದರೆ ಕಾಗದ ಸುಳ್ಳಾದರೂ ಅದನ್ನು ನಂಬಿದ ಸಂಶಯ ಸುಳ್ಳಾಗಿರಲಿಲ್ಲ. ವಿನೋನಾ ಜೈಲಿನ ಬೆತ್ತ ಎಲ್ಲ ಕಾಲದಲ್ಲೂ ಯಾರದಾದರೂ ಕೈಗೆ ಸಿಗುತ್ತದೆ. ದಲಿತ ಪ್ಯಾಂಥರ್ಸ್ ಎರಡೇ ವರ್ಷದಲ್ಲಿ ಒಡೆದರು. ನಮ್ಮ ಸಂಘರ್ಷ ಸಮಿತಿ ಎಷ್ಟು ಹೋಳಾಯಿತು, ಆ ಹೋಳುಗಳ ನಡುವೆ ಎಂಥ ಮಾತು ಹರಿದಾಡಿತು, ನಿಮಗೇ ಗೊತ್ತು. ಅಲ್ಲಿ ಯಾವ ಎಫ್‌ಬಿಐ ಕಾಗದ ಬರೆಯಬೇಕಾಗಿರಲಿಲ್ಲ. ಮೇಲಿನವನಿಗೆ ಎದುರಾಡಲು ಕಲಿತ ಸಿಟ್ಟು ಪಕ್ಕದವನ ಮೇಲೆ ತಿರುಗಿದಾಗ ಅದನ್ನೂ ಕ್ರಾಂತಿ ಎಂದು ಕರೆದರೆ ನಾವು ನಮಗೇ ಸುಳ್ಳು ಹೇಳಿಕೊಂಡಂತೆ.

ಸಿಟ್ಟನ್ನು ತೂಗಲು ನನಗೆ ಧಾಟಿ ಅಳತೆಗೋಲಲ್ಲ. ಅದು ಯಾರನ್ನು ಒಳಗೆ ಕರೆಯುತ್ತದೆ, ಯಾರನ್ನು ಹೊರಗೆ ಹಾಕುತ್ತದೆ, ಬೆಳಗಾದಮೇಲೆ ಏನು ಮಾಡುತ್ತದೆ ಎಂಬುದು ಅಳತೆಗೋಲು. ಪ್ಯಾಂಥರರು 1969ರ ಜನವರಿಯಿಂದ ಓಕ್‌ಲ್ಯಾಂಡಿನ ಚರ್ಚೊಂದರಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ ಬೆಳಗಿನ ತಿಂಡಿ ಹಾಕಿದರು. ಹೇಮರ್ ಮಿಸಿಸಿಪ್ಪಿಯಲ್ಲಿ 1968ರಲ್ಲಿ ಒಂದು ಹಂದಿ ಬ್ಯಾಂಕು ತೆಗೆದಳು: ಬಡ ಮನೆಗೊಂದು ಗಬ್ಬದ ಹಂದಿ, ಮರಿ ಹಾಕಿದ ಮೇಲೆ ಮರಿ ಇನ್ನೊಂದು ಮನೆಗೆ. ಮರುವರ್ಷ ಫ್ರೀಡಂ ಫಾರ್ಮ್ ಎಂಬ ಸಹಕಾರಿ ಹೊಲ ಕಟ್ಟಿದಳು. ದುಡ್ಡಿಲ್ಲದೆ, ಮಳೆಗೆ ಬೆಳೆ ಹೋಗಿ, 1970ರ ದಶಕದ ನಡುವೆ ಅದು ಮುಚ್ಚಿತು. 1977ರಲ್ಲಿ ಅವಳೂ ಹೋದಳು. ಹಂದಿ ಬ್ಯಾಂಕು ಎಂದರೆ ನಮ್ಮ ಸಭ್ಯರು ಮೂಗು ಮುಚ್ಚಿಕೊಳ್ಳಬಹುದು. ನಕಾರಾತ್ಮಕ ಎಂದು ಮುದ್ರೆ ಬಿದ್ದ ಆ ಹೆಂಗಸು ಕಟ್ಟಿದ್ದು ಅದನ್ನು.

ಮುಂದಿನ ಸಲ ನಮ್ಮ ಹುಡುಗಿಯೊಬ್ಬಳು ವಿಚಾರ ಸಂಕಿರಣದಲ್ಲಿ ಎದ್ದು ಮಾತಾಡುವಾಗ, ಯಾರಾದರೂ ಧಾಟಿ ಬದಲಾಯಿಸ್ಕೋಮ್ಮ ಎಂದರೆ, ಅವಳು ಹೇಳಿದ ವಿಷಯಕ್ಕೆ ಮೊದಲು ಉತ್ತರ ಕೊಡಿ ಎಂದು ಕೇಳುವವರು ಸಭೆಯಲ್ಲಿ ನಾಲ್ಕು ಜನ ಇರಬೇಕು. ಅವಳದೇ ಪಾಳಿಯ ಇನ್ನೊಬ್ಬಳನ್ನು ಅವಳು ತುಳಿದು ಮಾತಾಡಿದರೆ, ಕೂತ್ಕೊಳ್ಳಮ್ಮ, ಇದು ಬೇಡ ಎಂದು ಹೇಳುವವರೂ ಅದೇ ನಾಲ್ಕು ಜನ ಆಗಬೇಕು.